ಬೆರಕೆಯೆಂಬ ಬೈಗುಳ

ಉಡುಪಿ, ಮಣಿಪಾಲಗಳ ಸಂಗೀತರಸಿಕರಲ್ಲಿ ಕೆಲವರಿಗೆ ‘ಬೆರಕೆ’ ಎಂಬುದು ಎಲ್ಲಕ್ಕಿಂತ ದೊಡ್ಡ ಬೈಗುಳ. ಕದ್ರಿ ಗೋಪಾಲನಾಥರು ಅಮೆರಿಕದ ರುದ್ರೇಶ್ ಮಹಾಂತಪ್ಪನವರೊಡನೆ ನುಡಿಸಿ, 2008ರಲ್ಲಿ ಹೊರಬಂದ ‘ಕಿನ್ಸ್‌ಮೆನ್’ ಆಲ್ಬಮ್ಮಿನ ಮಾತೆತ್ತಿದರೆ ಸಾಕು, “ಕಲ್ಯಾಣಿಗೆ ಜಾಝ್ ಒಗ್ಗರಣೆ ಏಕೆ?” ಎಂದು ಮೂಗು ಮುರಿಯುತ್ತಾರೆ. ಈ ತಾತ್ಸಾರಕ್ಕೆ ಆಧಾರವಿಲ್ಲವೆಂಬುದು ನನ್ನ ವಾದ.

ಶುದ್ಧವೆಂದರೆ ಯಾವುದು ಸ್ವಾಮಿ? ಈ ಮಹನೀಯರು ತಲೆದೂಗುವ ಪಿಟೀಲು ಯುರೋಪಿನದು. ಸ್ಯಾಕ್ಸೊಫೋನ್ ಬೆಲ್ಜಿಯಮ್ಮಿನ ಅಡಾಲ್ಫ್ ಸ್ಯಾಕ್ಸ್ 1846ರಲ್ಲಿ ಹಕ್ಕುಪತ್ರ ಪಡೆದ ವಾದ್ಯ. ಅದರ ಕೀಲಿಗಳು ಸ್ವರದಿಂದ ಸ್ವರಕ್ಕೆ ನೆಗೆಯಲೆಂದು ಮಾಡಿದವು, ಗಮಕದಂತೆ ಜಾರಲೆಂದಲ್ಲ. ನಾಗಸ್ವರ ವಾದಕರ ಮಗನಾದ ಗೋಪಾಲನಾಥರು ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಅದನ್ನು ಕೇಳಿ ಮನಸೋತರು. ಕೀಲಿಗಳನ್ನು ಮಾರ್ಪಡಿಸಿ, ತುಟಿಯನ್ನೂ ಉಸಿರನ್ನೂ ಪಳಗಿಸಿ, ವರ್ಷಗಟ್ಟಲೆ ದುಡಿದ ಮೇಲಷ್ಟೇ ಅದು ನಮ್ಮ ರಾಗಗಳನ್ನು ನುಡಿಯಿತು. ಶಿವರಾಮ ಕಾರಂತರು ಅದೇ ವಾದ್ಯವನ್ನು ಯಕ್ಷಗಾನ ಬ್ಯಾಲೆಗೆ ತಂದಾಗಲೂ ಕಲೆ ಕೆಟ್ಟಿತೆಂಬ ಕೂಗೆದ್ದಿತ್ತು. ಕೂಗು ಹಳತು, ಕೂಗುವವರು ಮಾತ್ರ ಹೊಸಬರು.

ಇನ್ನು ಆಲ್ಬಮ್ಮಿನ ಗುಣವನ್ನು ನೋಡೋಣ. ಇಲ್ಲಿರುವುದು ಎರಡು ಆಲ್ಟೊ ಸ್ಯಾಕ್ಸೊಫೋನ್. ವಾದ್ಯ ಒಂದೇ ಆದ್ದರಿಂದ ನಾದಭೇದದ ಮರೆಯಲ್ಲಿ ಯಾರೂ ಅಡಗುವಂತಿಲ್ಲ, ಭೇದವೆಲ್ಲ ಬಾನಿಯದು. ಗೋಪಾಲನಾಥರು ರಾಗದ ನಡೆ ಬಿಡುವುದಿಲ್ಲ, ಮಹಾಂತಪ್ಪನವರು ನವ್ಯ ಜಾಝಿನ ಮೊನೆಯನ್ನು ಮೊಂಡು ಮಾಡುವುದಿಲ್ಲ. ಒಂದು ಕಡೆ ಕನ್ಯಾಕುಮಾರಿಯವರ ಪಿಟೀಲು, ಪೂವಲೂರು ಶ್ರೀಜಿಯವರ ಮೃದಂಗ. ಇನ್ನೊಂದು ಕಡೆ ಗಿಟಾರ್, ಬೇಸ್, ಡ್ರಮ್. ಗಿಟಾರಿಗೂ ಬೇಸಿಗೂ ಪಿಟೀಲಿಗೂ ಬಿಡಿಬಿಡಿ ಆಲಾಪದ ಅವಕಾಶವುಂಟು. ಇಬ್ಬರನ್ನೂ ಕೂಡಿಸಿದ್ದು ಲಯ ಮತ್ತು ಮನೋಧರ್ಮ, ಅಂದರೆ ಆ ಕ್ಷಣದಲ್ಲೇ ಹುಟ್ಟಿಸಿ ನುಡಿಸುವ ಧೈರ್ಯ. ಇದು ಒಗ್ಗರಣೆಯಲ್ಲ, ಸಮಾನರ ಸಂವಾದ.

ದಕ್ಷಿಣ ಭಾರತದಿಂದ ವಲಸೆ ಹೋದವರ ಮಗನೊಬ್ಬ ಕದ್ರಿಯವರ ಧ್ವನಿಮುದ್ರಿಕೆ ಕೇಳಿ ಬೆರಗಾಗಿ ಅವರನ್ನು ಅರಸಿ ಬಂದ. ನಾವೋ! ಕಾಪುವಿನ ಮದುವೆಯ ಚಪ್ಪರದಲ್ಲಿ, ಕಾರ್ಕಳದ ಉತ್ಸವಗಳಲ್ಲಿ, ಊರೂರಿನ ನೇಮಗಳಲ್ಲಿ ಸ್ಯಾಕ್ಸೊಫೋನ್ ಕೇಳುತ್ತಲೇ ಇದ್ದೇವೆ, ಅಂದರೆ ಅದು ಮೊಳಗುವಾಗ ಹರಟುತ್ತಲೇ ಇದ್ದೇವೆ. ಶುದ್ಧಿಯ ಕಾವಲುಗಾರರು ಆ ವಾದಕರಲ್ಲಿ ಎಷ್ಟು ಮಂದಿಯನ್ನು ಸಭೆಯ ವೇದಿಕೆಗೆ ಕರೆದಿದ್ದಾರೆ? ಎಷ್ಟು ಮಂದಿಯ ಹೆಸರು ಬಲ್ಲರು?

2019ರಲ್ಲಿ ಗೋಪಾಲನಾಥರು ತೀರಿಕೊಂಡಾಗ ಹೊಗಳಿಕೆಗೆ ಬರವಿರಲಿಲ್ಲ. ಸತ್ತವರಿಗೆ ಹೊಗಳಿಕೆ ಬೇಕಿಲ್ಲ, ಬದುಕಿರುವ ವಾದಕರಿಗೆ ಕಿವಿ ಬೇಕು. ಅದನ್ನು ಕೊಡಲಾರದವರಿಗೆ ‘ಕಿನ್ಸ್‌ಮೆನ್’ ಬೆರಕೆಯೆನ್ನುವ ಅಧಿಕಾರವಿಲ್ಲ.