ನಗೋದಕ್ಕೂ ನಮಗ ಹಕ್ಕಿಲ್ಲೇನ್ರಿ?



"ಸವದತ್ತಿ, ರಾಮದುರ್ಗದಾಗ ಕೂಲಿ ಸಿಗವಲ್ದು, ಇವರು ಹುಡುಗಿ-ಹುಡುಗಿ ಲವ್ ಸಿನಿಮಾ ಹಿಡ್ಕೊಂಡು ಕುಂತಾರ" ಅಂತ ನಮ್ಮೊಳಗಿನವರೇ ಮೂಗು ಮುರೀತಾರ. ಈ ಪೋಸ್ಟ್ ಅವರಿಗೇ.

ಸಿನಿಮಾ 'ಡೆಬ್ಸ್'. 2004ರದು, ಅಮೆರಿಕದ್ದು. ನಿರ್ದೇಶಕಿ ಏಂಜೆಲಾ ರಾಬಿನ್ಸನ್ ಕಪ್ಪು ಮಹಿಳೆ. ಗೂಢಚಾರಿಣಿ ಏಮಿಗೆ ತಾನು ಹಿಡಿಯಬೇಕಾದ ಕಳ್ಳಿ ಲೂಸಿ ಮೇಲೇ ಪ್ರೀತಿ. ಪೂರ್ತಿ ತಮಾಷೆ ಸಿನಿಮಾ. ಆದರೆ ಒಂದು ಮಾತು ನೋಡ್ರಿ. ವಿಷಯ ಬಯಲಾದಾಗ ಸಂಸ್ಥೆಯವರು ಏಮಿಗೆ ಹೇಳೋದು ಇಷ್ಟೇ: ಎಲ್ಲರ ಮುಂದೆ ಲೂಸಿಯನ್ನು ಬೈದು ಭಾಷಣ ಮಾಡು, ನಿನ್ನ ಮರ್ಯಾದೆ ಉಳೀತದ. ಈ ಮಾತು ನಮ್ಮ ಊರ ಪಂಚರ ಬಾಯಾಗ ಕೇಳಿಲ್ಲೇನು? ಏಮಿ ಸುಳ್ಳು ಹೇಳೋದಿಲ್ಲ. ಇಬ್ಬರೂ ಕಾರ್ ಹತ್ತಿ ಹೋಗ್ತಾರ. ಪ್ರೀತಿಸಿದ ತಪ್ಪಿಗೆ ಯಾರೂ ಸಾಯೋದಿಲ್ಲ.

ಅದೇ 2004ರಲ್ಲಿ ಹಿಂದಿಯಲ್ಲಿ 'ಗರ್ಲ್‌ಫ್ರೆಂಡ್' ಬಂತು. ಅದರಲ್ಲಿ ಹೆಣ್ಣನ್ನು ಪ್ರೀತಿಸುವ ಹೆಣ್ಣು ಹುಚ್ಚಿ, ಕೊನೆಗೆ ಸಾಯಲೇಬೇಕು. ನಮ್ಮ ಕನ್ನಡದ ಗೂಢಚಾರಿ ಯಾರು? 1968ರ 'ಜೇಡರ ಬಲೆ'ಯಿಂದ ಶುರುವಾದ ಸಿ.ಐ.ಡಿ. 999, ಡಾ. ರಾಜ್. ಅಣ್ಣಾವ್ರನ್ನು ನಾವೂ ಸೀಟಿ ಹೊಡೆದು ನೋಡಿದವರೇ. ಆದರೆ ಆ ಕಥೆಗಳಲ್ಲಿ ಪಿಸ್ತೂಲು, ಸಾಹಸ, ಗೆಲುವು ಎಲ್ಲ ಗಂಡಿಗೆ. ಹೆಣ್ಣು ಅವನ ಪಕ್ಕದಾಗ. ಕಿತ್ತೂರಿನಾಗ ರಾಣಿ ಚೆನ್ನಮ್ಮನ ಉತ್ಸವ ಮಾಡೋ ನಾಡಿದು!

ನಮ್ಮ ಕಥೆಗಳೂ ಹಂಗೇ ಆಗ್ಯಾವ. 'ಸೈರಾಟ್' ಹೇಳಿದ್ದು ಸತ್ಯ, ಆ ಸತ್ಯ ಹೇಳಲೇಬೇಕಿತ್ತು. ಆದರೆ ದಲಿತರ ಪ್ರೀತಿ ಅಂದ್ರೆ ರಕ್ತ, ಹೆಣ್ಣು-ಹೆಣ್ಣಿನ ಪ್ರೀತಿ ಅಂದ್ರೆ ನೇಣು ಅಂತಲೇ ತೋರಿಸ್ತಾ ಹೋದ್ರೆ, ನಮ್ಮ ಸಾವು ನೋಡುವವರಿಗೆ ರೂಢಿ ಆಗಿಬಿಡ್ತದ. ನಮ್ಮ ಹುಡುಗಿಯರಿಗೂ ಅದೇ ಹಣೆಬರಹ ಅನ್ನಿಸ್ತದ.

"ಜಾತಿ ಮೊದಲು, ಇದು ಆಮೇಲೆ" ಅನ್ನೋರಿಗೆ ಬಾಬಾಸಾಹೇಬರನ್ನು ನೆನಪಿಸ್ತೀನಿ. ಜಾತಿ ಬದುಕೋದೇ ಜಾತಿಯೊಳಗಿನ ಮದುವೆಯಿಂದ, ಅದನ್ನು ಕಾಯೋಕೆ ಹೆಣ್ಣನ್ನು ಕಟ್ಟಿಹಾಕ್ತಾರೆ ಅಂತ 1916ರಲ್ಲೇ ತೋರಿಸಿಕೊಟ್ಟವರು ಅವರು. ಯಾರ ಜೊತೆ ಬಾಳಬೇಕು ಅನ್ನೋದನ್ನ ಹೆಣ್ಣೇ ತೀರ್ಮಾನಿಸಿದರೆ ಆ ಬೇಲಿ ಮುರಿದಂಗೆ. ಲೈಂಗಿಕ ಶಿಕ್ಷಣದ ಪತ್ರಿಕೆ ನಡೆಸಿದ ಆರ್.ಡಿ. ಕರ್ವೆ ಮೇಲೆ ಅಶ್ಲೀಲತೆಯ ಕೇಸ್ ಬಿದ್ದಾಗ, 1934ರಲ್ಲಿ ಬಾಂಬೆ ಹೈಕೋರ್ಟಿನಲ್ಲಿ ಅವರ ಪರ ನಿಂತ ವಕೀಲರೂ ಬಾಬಾಸಾಹೇಬರೇ. ಕೇಸ್ ಸೋತರು, ಆದರೆ "ಇದು ಆಮೇಲೆ" ಅನ್ನಲಿಲ್ಲ.

ಇನ್ನು "ಇದು ವಿದೇಶಿ ರೋಗ" ಅನ್ನೋರು. ಎಲ್ಲಮ್ಮನ ಗುಡ್ಡದ ಮೇಲೆ ಜೋಗಪ್ಪನಿಗೆ ಕೈ ಮುಗೀತೀರಿ, ಗುಡ್ಡ ಇಳಿದ ಮೇಲೆ ಅವರಿಗೆ ಬಾಡಿಗೆ ಮನೆ ಕೊಡಂಗಿಲ್ಲ. ದೇವರ ಹೆಸರಲ್ಲಿ ದಲಿತ ಹುಡುಗಿಗೆ ಮುತ್ತು ಕಟ್ಟಿದ್ದು ನಿಮಗೆ ಸಂಸ್ಕೃತಿ, ಅದನ್ನು ನಿಷೇಧಿಸೋಕೆ 1982ರ ಕಾನೂನೇ ಬೇಕಾಯ್ತು. ಅದೇ ಹುಡುಗಿ "ನನ್ನ ಮೈ ನಂದು, ನನ್ನ ಮನಸ್ಸೂ ನಂದು" ಅಂದ್ರೆ ಅದು ರೋಗ?

2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟ್ ಇಂಥ ಪ್ರೀತಿ ಅಪರಾಧವಲ್ಲ ಅಂತು. 2023ರ ಅಕ್ಟೋಬರ್ 17ರಂದು ಮದುವೆ ಹಕ್ಕು ಮಾತ್ರ ಕೊಡಲಿಲ್ಲ. ಹೋರಾಟ ಬಾಕಿ ಐತಿ. ಅದಕ್ಕೆ ಸಿಟ್ಟೂ ಬೇಕು, ಕನಸೂ ಬೇಕು.

ಕನ್ನಡದಾಗೂ ಬರಲಿ ಅಂಥದೊಂದು ಸಿನಿಮಾ. ಬೈಲಹೊಂಗಲದ ಕೇರಿಯ ಇಬ್ಬರು ಹುಡುಗಿಯರು ಗೂಢಚಾರಿಣಿಯರಾಗಲಿ, ಕಳ್ಳರನ್ನ ಹಿಡೀಲಿ, ಒಬ್ಬರನ್ನೊಬ್ಬರು ಪ್ರೀತಿಸಲಿ. ಕೊನೆಗೆ ಇಬ್ಬರೂ ಬದುಕಿರಲಿ. ನಾವು ಹೊಟ್ಟೆ ಹಿಡ್ಕೊಂಡು ನಗಬೇಕು.

ಜೈ ಭೀಮ್. ಶೇರ್ ಮಾಡ್ರಿ, ವಾದ ಇದ್ರೆ ಬರ್ರಿ.