ರೋಗಿಯ ಕಿವಿಗೆ ಬೀಳುವ ಮನೆಯ ಮಾತು

ಕಳೆದ ತಿಂಗಳ ಲೇಖನವನ್ನೋದಿದ ಶಿಗ್ಗಾವಿ ಕಡೆಯ ಗೃಹಸ್ಥರೊಬ್ಬರು ನನಗೆ ದೀರ್ಘವಾದ ಕಾಗದವೊಂದನ್ನು ಬರೆದಿರುವರು. ಅವರ ತಮ್ಮನ ಮಗನು ಕಾಲೇಜಿನ ಎರಡನೆಯ ವರ್ಷದಲ್ಲಿರುವಾಗ ತನ್ನಷ್ಟಕ್ಕೆ ತಾನೇ ಮಾತಾಡಹತ್ತಿದನು. ಅನ್ನದಲ್ಲಿ ಯಾರೋ ವಿಷ ಬೆರೆಸಿರುವರೆಂದು ಊಟವನ್ನು ಬಿಟ್ಟನು. ಔಷಧೋಪಚಾರದಿಂದ ಕೆಲವು ತಿಂಗಳಲ್ಲಿಯೇ ಗುಣ ಹೊಂದಿ ಮನೆಗೆ ಬಂದನು. ಮುಂದೆ ವರುಷ ತುಂಬುವದರೊಳಗಾಗಿ ವ್ಯಾಧಿಯು ಮರುಕಳಿಸಿತು. “ಮನೆಯಲ್ಲಿ ಯಾವದಕ್ಕೂ ಕೊರತೆಯಿಲ್ಲ. ಅವನ ಮೈಮೇಲೆ ಯಾರೂ ಕೈಮಾಡಿದವರಲ್ಲ. ಹಾಗಿದ್ದೂ ಹೀಗೇಕಾಯಿತು?” ಎಂಬದು ಅವರ ಪ್ರಶ್ನೆ.

ನಾನು ವೈದ್ಯನಲ್ಲ. ಆದರೆ ಈ ಪ್ರಶ್ನೆಯನ್ನೇ ಹಿಡಿದು ವಿದ್ವಾಂಸರು ಅರುವತ್ತು ವರುಷಗಳಿಗಿಂತ ಹೆಚ್ಚು ಕಾಲ ಶೋಧ ನಡೆಯಿಸಿರುವದರಿಂದ, ನಾನು ಓದಿ ತಿಳಿದಷ್ಟನ್ನು ಇಲ್ಲಿ ಬರೆಯುವೆನು. ಮೊದಲು ಒಂದು ಮಾತು. ಇಚ್ಚಿತ್ತ ವಿಕಲತೆ ಎಂದು ವೈದ್ಯರು ಕರೆಯುವ ಈ ರೋಗವು ಮರುಕಳಿಸುವದಕ್ಕೆ ದೊಡ್ಡ ಕಾರಣವೆಂದರೆ ಗುಣ ಕಂಡೊಡನೆ ಗುಳಿಗೆಗಳನ್ನು ಬಿಟ್ಟುಬಿಡುವದು. ಕಾಗದ ಬರೆದ ಗೃಹಸ್ಥರು ಈ ವಿಷಯದಲ್ಲಿ ಒಂದಕ್ಷರವನ್ನೂ ಬರೆದಿಲ್ಲ. ಅವರು ಅದನ್ನು ಮೊದಲು ವಿಚಾರಿಸಿಕೊಳ್ಳಲಿ.

ಇನ್ನು ಶೋಧದ ಕಥೆ. 1950ರ ದಶಕದಲ್ಲಿ ಲಂಡನ್ನಿನಲ್ಲಿ ಜಾರ್ಜ್ ಬ್ರೌನ್ ಎಂಬ ಸಮಾಜಶಾಸ್ತ್ರಜ್ಞರು ಮಾನಸಿಕ ಆಸ್ಪತ್ರೆಗಳಿಂದ ಬಿಡುಗಡೆಯಾದ ರೋಗಿಗಳ ಮುಂದಿನ ಗತಿಯನ್ನು ಪರೀಕ್ಷಿಸಿದರು. ತಂದೆತಾಯಿಗಳ ಅಥವಾ ಹೆಂಡತಿಯ ಬಳಿಗೆ ಹೋದವರೇ ಹೆಚ್ಚು ಚೆನ್ನಾಗಿರಬೇಕೆಂದು ಯಾರಾದರೂ ಎಣಿಸುವರು. ಕಂಡದ್ದು ಅದಕ್ಕೆ ವಿಪರೀತ. ಬಾಡಿಗೆಯ ಕೋಣೆಗಳಲ್ಲಿ ಅಪರಿಚಿತರ ನಡುವೆ ಇದ್ದವರಿಗಿಂತ ಅಂಥ ಮನೆಗಳಿಗೆ ಹೋದವರಲ್ಲಿಯೇ ಹೆಚ್ಚು ಜನರು ಮತ್ತೆ ಆಸ್ಪತ್ರೆಗೆ ಬಂದರು! ಬ್ರೌನರು ಇಷ್ಟಕ್ಕೇ ಬಿಡದೆ, ಮನೆಯವರನ್ನು ಕೂಡಿಸಿಕೊಂಡು ತಾಸುಗಟ್ಟಲೆ ಮಾತಾಡಿಸಿದರು. ಅವರು ಏನು ಹೇಳುವರೆಂಬದನ್ನಷ್ಟೇ ಅಲ್ಲ, ಯಾವ ಧ್ವನಿಯಲ್ಲಿ ಹೇಳುವರೆಂಬದನ್ನೂ ಗುರುತು ಹಾಕಿಕೊಂಡರು. 1972ರಲ್ಲಿ ಬ್ರೌನರೂ ಅವರ ಸಂಗಡಿಗರೂ 101 ರೋಗಿಗಳ ಫಲಿತಾಂಶವನ್ನು ಪ್ರಕಟಿಸಿದರು. ಕಟುವಾದ ಮಾತೂ ಅತಿಯಾದ ಉದ್ವೇಗವೂ ತುಂಬಿದ ಮನೆಗಳಲ್ಲಿ ಒಂಬತ್ತು ತಿಂಗಳೊಳಗೆ ನೂರಕ್ಕೆ 58 ಜನರಿಗೆ ರೋಗವು ಮರುಕಳಿಸಿತ್ತು. ಶಾಂತವಾದ ಮನೆಗಳಲ್ಲಿ ನೂರಕ್ಕೆ 16 ಜನರಿಗೆ ಮಾತ್ರ. ಬಳಿಕ ಬೇರೆ ಬೇರೆ ದೇಶಗಳಲ್ಲಿ ಇದೇ ಪರೀಕ್ಷೆಯನ್ನು ಮಾಡಿದವರಿಗೆ ಬಹುತರವಾಗಿ ಇದೇ ಕಂಡಿತು.

ಕಟುವಾದ ಮಾತೆಂದರೆ ಬೈಗುಳವೆಂದೇ ತಿಳಿಯಬಾರದು. ನಮ್ಮ ಹಾನಗಲ್ಲು, ಹಿರೇಕೆರೂರು ಸೀಮೆಯ ಮನೆಗಳಲ್ಲಿ ದಿನಬೆಳಗಾದರೆ ಕೇಳುವ ಮಾತುಗಳೇ ಅವು. “ಹೊತ್ತ ಏರಿದ್ರೂ ಹಾಸಿಗಿ ಬಿಡಂಗಿಲ್ಲ, ನಿನ್ನ ವಾರಿಗಿಯವ್ರು ಎಲ್ಲೆಲ್ಲೋ ಹೋದ್ರು” ಎಂಬ ತಂದೆಯ ಮಾತು. “ಈ ಮನಿಗೆ ನೀ ಒಬ್ಬ ಗಂಟು ಬಿದ್ದಿ” ಎಂಬ ಅಣ್ಣನ ಮಾತು. ಮೊದಲನೆಯದು ಟೀಕೆ, ಎರಡನೆಯದು ಹಗೆತನ. ಮೂರನೆಯದೊಂದುಂಟು, ಅದನ್ನು ಕೇಳಿದಾಗ ನನಗೆ ಆಶ್ಚರ್ಯವಾಯಿತು. ಅತಿಯಾದ ಅಕ್ಕರೆಯೂ ಈ ದೋಷಗಳಲ್ಲಿಯೇ ಎಣಿಕೆಯಾಗಿರುವದು. ಇಪ್ಪತ್ತೈದು ವರುಷದ ಮಗನಿಗೆ ತಾಯಿಯು ತಾನೇ ತುತ್ತು ಮಾಡಿ ಉಣಿಸುವದು, ಅವನ ಬಾಗಿಲಲ್ಲಿಯೇ ಮಲಗುವದು, ಅವನೆದುರಿಗೆ ಹಗಲಿರುಳು ಕಣ್ಣೀರು ಹಾಕುವದು. ಪ್ರೀತಿಯಿಂದ ಮಾಡಿದ್ದೆಂದ ಮಾತ್ರಕ್ಕೆ ಅದು ರೋಗಿಗೆ ಭಾರವಾಗದೆ ಹೋಗುವದಿಲ್ಲ.

ಇದನ್ನೋದಿ ತಾಯಂದಿರು ತಮ್ಮನ್ನೇ ಹಳಿದುಕೊಳ್ಳಬಾರದು. ಮನೆಯ ಮಾತಿನಿಂದ ಈ ರೋಗವು ಹುಟ್ಟುವದಿಲ್ಲ. ಅದರ ಮೂಲವು ಮಿದುಳಿನಲ್ಲಿಯೂ ವಂಶಗುಣದಲ್ಲಿಯೂ ಇರುವದು. 1948ರಲ್ಲಿ ಅಮೇರಿಕೆಯ ಓರ್ವ ವೈದ್ಯೆಯು ತಾಯಿಯ ನಡತೆಗೂ ಈ ರೋಗಕ್ಕೂ ಗಂಟುಹಾಕಿ ಬರೆದದ್ದರಿಂದ, ಎಷ್ಟೋ ವರುಷಗಳವರೆಗೆ ಸಾವಿರಾರು ತಾಯಂದಿರು ಮಾಡದ ತಪ್ಪಿಗೆ ತಲೆತಗ್ಗಿಸಬೇಕಾಯಿತು. ಆ ಮತವನ್ನು ವೈದ್ಯಲೋಕವು ಕೈಬಿಟ್ಟು ಬಹಳ ಕಾಲವಾಯಿತು. ಮುರಿದ ಎಲುಬು ಕೂಡಿಕೊಳ್ಳುತ್ತಿರುವಾಗ ಅದನ್ನು ಅಲುಗಿಸಬಾರದಷ್ಟೆ? ಅಲುಗಿಸಿದವನು ಎಲುಬು ಮುರಿದವನಲ್ಲ.

ನಮ್ಮ ದೇಶದಲ್ಲಿಯೂ ಈ ಶೋಧವು ನಡೆದಿರುವದು. ಚಂಡೀಗಢದ ವಿಗ್ ಎಂಬ ಪ್ರಸಿದ್ಧ ವೈದ್ಯರೂ ಲಂಡನ್ನಿನ ಲೆಫ್ ಎಂಬವರೂ ಕೂಡಿ ಅಲ್ಲಿಯ ರೋಗಿಗಳ ಮನೆಯವರನ್ನು ಪರೀಕ್ಷಿಸಿ 1987ರಲ್ಲಿ ಪ್ರಕಟಿಸಿದ ಪ್ರಕಾರ, ಲಂಡನ್ನಿಗಿಂತ ಅಲ್ಲಿ ಕಟುವಾದ ಮನೆಗಳು ಬಹಳ ಕಡಿಮೆ. ಅದರಲ್ಲಿಯೂ ಪಟ್ಟಣಕ್ಕಿಂತ ಹಳ್ಳಿಗಳಲ್ಲಿ ಇನ್ನೂ ಕಡಿಮೆ. ಇದನ್ನೋದಿ ನಾನು ಸ್ವಲ್ಪ ಹಿಗ್ಗಿದ್ದುಂಟು. ಆದರೆ ಹಳ್ಳಿಯ ಅವಿಭಕ್ತ ಕುಟುಂಬದಲ್ಲಿ ರೋಗಿಯ ಭಾರವನ್ನು ಹತ್ತು ಜನರು ಹಂಚಿಕೊಳ್ಳುತ್ತಿದ್ದರು. ಹೊಲದಲ್ಲಿ ಅವನಿಗೆ ತಕ್ಕ ಹಗುರಾದ ಕೆಲಸವೊಂದು ಸಿಕ್ಕುತ್ತಿತ್ತು. ಇಂದು ಅಣ್ಣತಮ್ಮಂದಿರು ಬೇರೆಯಾಗಿ, ಮುದಿಯಾದ ತಂದೆತಾಯಿಗಳಿಬ್ಬರೇ ರೋಗಿಯೊಡನೆ ಉಳಿದಿರುವ ಮನೆಗಳನ್ನು ಸವಣೂರಿನ ಓಣಿಗಳಲ್ಲಿಯೂ ನಾನು ಕಂಡಿರುವೆನು. 1987ರ ಪ್ರಶಸ್ತಿಪತ್ರವು ಇಂಥ ಮನೆಗೂ ಸಲ್ಲುವದೆಂದು ಹೇಳಲು ನನಗೆ ಧೈರ್ಯವಿಲ್ಲ.

ಸಂಸ್ಕೃತವನ್ನೋದಿದವನೆಂದು ಕೆಲವರು, “ಇದೆಲ್ಲವೂ ನಮ್ಮ ಚರಕನಲ್ಲಿ ಇದ್ದದ್ದೇ ಅಲ್ಲವೆ?” ಎಂದು ನನ್ನನ್ನು ಕೇಳುವದುಂಟು. ಅರ್ಧ ನಿಜ. ಅಹಿತವಾದ ವಿಷಯಗಳಿಂದ ಮನಸ್ಸನ್ನು ಹಿಂದೆಗೆಯುವ ಸತ್ತ್ವಾವಜಯವೆಂಬ ಚಿಕಿತ್ಸೆಯನ್ನು ಚರಕಸಂಹಿತೆಯು ಹೇಳಿರುವದು. ಉನ್ಮಾದರೋಗಿಯನ್ನು ಸ್ನೇಹಿತರು ಸಂತೈಸಬೇಕೆಂದೂ ಹೇಳಿರುವದು. ಆದರೆ ಅದೇ ಪ್ರಕರಣದಲ್ಲಿ ಹಲ್ಲು ಕಿತ್ತ ಹಾವಿನಿಂದ ರೋಗಿಯನ್ನು ಹೆದರಿಸುವ ವಿಧಾನವೂ ಇರುವದು. ಹಿರಿಯರ ಗ್ರಂಥವನ್ನು ಕಣ್ದೆರೆದು ಓದುವದೇ ಅವರಿಗೆ ನಾವು ತೋರಿಸುವ ಗೌರವ.

ಕಣ್ದೆರೆದು ಓದೆಂದು ಹೇಳುವ ನಾನು ಒಮ್ಮೆ ಕಣ್ಮುಚ್ಚಿ ನಡೆದದ್ದನ್ನು ಇಲ್ಲಿ ಹೇಳಲೇಬೇಕು. ನನ್ನ ಸೇವೆಯ ಕಾಲದಲ್ಲಿ ಹತ್ತನೆಯ ತರಗತಿಯಲ್ಲಿ ಜಾಣ ಹುಡುಗನೊಬ್ಬನಿದ್ದನು. ಶಬ್ದರೂಪಗಳನ್ನು ತಪ್ಪಿಲ್ಲದೆ ಒಪ್ಪಿಸುವವನು, ದೀಪಾವಳಿಯ ರಜೆಯ ತರುವಾಯ ಒಮ್ಮೆಲೆ ಮಂಕಾದನು. ಮೈ ತೊಳೆಯುವದನ್ನು ಬಿಟ್ಟನು. ಕೇಳಿದ ಪ್ರಶ್ನೆಗೆ ಉತ್ತರ ಕೊಡದೆ ಕಿಟಕಿಯನ್ನು ನೋಡುವನು. ನಾನು ಅದನ್ನು ಸೊಕ್ಕೆಂದು ತಿಳಿದು ಇಡೀ ತರಗತಿಯ ಮುಂದೆ ಅವನನ್ನು ಆಲಸಿಯೆಂದು ಹಂಗಿಸಿದೆನು. ಅದೂ ಒಂದು ದಿನವಲ್ಲ. ಮಾಘಮಾಸದಲ್ಲಿ ಅವನು ಶಾಲೆಯನ್ನೇ ಬಿಟ್ಟನು. ಅದು ಆಲಸ್ಯವಲ್ಲ, ರೋಗದ ಪ್ರಾರಂಭವೆಂದು ನನಗೆ ಗೊತ್ತಾದದ್ದು ಐದು ವರುಷಗಳ ಮೇಲೆ. ನಿರುತ್ಸಾಹ, ಮೌನ, ಅಶುಚಿ ಇವೂ ರೋಗದ ಲಕ್ಷಣಗಳೇ. ಮನೆಯವರ ಟೀಕೆಗೆ ಹೆಚ್ಚಾಗಿ ಗುರಿಯಾಗುವಂಥವು ಇವೇ ಎಂದು ಶೋಧಕರೂ ಹೇಳುವರು. ಭ್ರಮೆಯಿಂದ ಕೂಗಾಡುವವನನ್ನು ಕಂಡರೆ ರೋಗಿಯೆಂದು ಮರುಗುವೆವು. ಸುಮ್ಮನೆ ಮಲಗಿದವನನ್ನು ಕಂಡರೆ ಸೋಮಾರಿಯೆಂದು ಸಿಟ್ಟಾಗುವೆವು.

ಔಷಧದ ಮಾತಿಗೆ ಮತ್ತೊಮ್ಮೆ ಬರುವೆನು. ಹಿರೇಕೆರೂರಿಗೆ ಬಹು ದೂರವಲ್ಲದ ತೀರ್ಥಹಳ್ಳಿ ತಾಲೂಕಿನಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ವೈದ್ಯರು ಊರೂರುಗಳಲ್ಲಿ ಇಂಥ ರೋಗಿಗಳನ್ನು ಗುರುತಿಸಿ, ಅವರನ್ನು ವರುಷಗಟ್ಟಲೆ ನೋಡಿಕೊಂಡು ಬಂದರು. 2009ರಲ್ಲಿ ಪ್ರಕಟವಾದ ಅವರ ವರದಿಯಂತೆ, ಔಷಧವನ್ನು ತೆಗೆದುಕೊಂಡವರು ಒಂದು ವರುಷದಲ್ಲಿ ಮನೆಗೆಲಸ, ಸ್ವಚ್ಛತೆ, ಮಾತುಕತೆಗಳಲ್ಲಿ ಮೇಲುಗತಿಗೆ ಬಂದರು. ತೆಗೆದುಕೊಳ್ಳದವರು ಇದ್ದಲ್ಲಿಯೇ ಉಳಿದರು. ದೇವರಿಗೆ ಹರಕೆ ಹೊರುವದನ್ನು ನಾನು ಬೇಡವೆನ್ನುವದಿಲ್ಲ. ನಾನೂ ದೇವರಿಗೆ ಕೈಮುಗಿಯುವವನೇ. ಆದರೆ ರೋಗಿಯನ್ನು ಸರಪಳಿಯಿಂದ ಕಟ್ಟಿ ಬಿಟ್ಟುಬರುವದು ಮಾತ್ರ ಆಗದು. 2001ರ ಆಗಸ್ಟ 6ರಂದು ತಮಿಳುನಾಡಿನ ಏರವಾಡಿಯಲ್ಲಿ ಬೆಂಕಿ ಬಿದ್ದಾಗ, ಸರಪಳಿಯಲ್ಲಿದ್ದ 25ಕ್ಕೂ ಹೆಚ್ಚು ರೋಗಿಗಳು ಓಡಲಾರದೆ ಸುಟ್ಟು ಸತ್ತರು. ರೋಗಿಯನ್ನು ಯಾವ ರೀತಿಯಿಂದಲೂ ಸರಪಳಿಯಲ್ಲಿಡಕೂಡದೆಂದು 2017ರ ಮಾನಸಿಕ ಆರೋಗ್ಯ ಕಾಯಿದೆಯು ಸ್ಪಷ್ಟವಾಗಿ ವಿಧಿಸಿರುವದು. ಏನು ಮಾಡಬೇಕೆಂದು ತಿಳಿಯದಿದ್ದಾಗ 14416 ಎಂಬ ನಂಬರಿಗೆ ಫೋನು ಮಾಡಿರಿ. ಟೆಲಿ ಮಾನಸ್ ಎಂಬ ಈ ಸರಕಾರಿ ಸೇವೆಯು 2022ರ ಅಕ್ಟೋಬರದಲ್ಲಿ ಪ್ರಾರಂಭವಾಯಿತು. ಹಗಲಿರುಳೂ ಕನ್ನಡದಲ್ಲಿಯೇ ಮಾತಾಡಬಹುದು, ದುಡ್ಡಿಲ್ಲ. ನಮ್ಮ ಭಾಗದವರಿಗೆ ಧಾರವಾಡದ ಡಿಮ್ಹಾನ್ಸ್ ಆಸ್ಪತ್ರೆಯಂತೂ ಇದ್ದೇ ಇರುವದು.

ನನ್ನ ಆ ಶಿಷ್ಯನ ಮನೆಗೆ ಈಗ ನಾನು ತಿಂಗಳಿಗೊಮ್ಮೆ ಹೋಗುತ್ತಿರುವೆನು. ಮೊದಲ ಸಲ ಹೋದಾಗ, ಈ ಲಂಡನ್ನಿನ ಶೋಧವನ್ನು ಅವನ ತಾಯಿಗೆ ಬಿಡಿಸಿ ಹೇಳಿದೆನು. ಆಕೆಯು ಸೆರಗಿನಿಂದ ಮುಖವೊರೆಸಿಕೊಂಡು, “ಹಂಗಾದ್ರ ಅಂವಗ ನಾ ಏನೂ ಅನ್ನಬಾರದೇನ್ರೀ ಮಾಸ್ತರ್ರ? ಬಾಯಿ ಹೊಲಕೊಂಡ ಕುಂದರ್ಲೇನು?” ಎಂದು ಕೇಳಿದಳು. ನನ್ನಲ್ಲಿ ಉತ್ತರವಿರಲಿಲ್ಲ. ಸುಮ್ಮನಿರುವದೂ ಒಂದು ಬಗೆಯ ಸಿಟ್ಟೇ ಎಂದು ರೋಗಿಗೆ ತಿಳಿಯದಿರುವದೆ? ಮುಂದೆ ಆಕೆಯನ್ನು ವೈದ್ಯರಲ್ಲಿ ಕರೆದುಕೊಂಡು ಹೋದಾಗ ಅವರು ಇಷ್ಟೇ ಹೇಳಿದರು: ದಿನಕ್ಕೆ ಒಂದೇ ಸಣ್ಣ ಕೆಲಸವನ್ನು ಹೇಳಿರಿ, ಮಾಡಿದರೆ ಮಾಡಿದನೆಂದು ಹೇಳಿರಿ, ಮಾಡದಿದ್ದರೆ ನಾಳೆ ಮತ್ತೆ ಹೇಳಿರಿ, ಮತ್ತು ನೀವೂ ದಿನಕ್ಕೊಂದು ತಾಸು ಮನೆ ಬಿಟ್ಟು ಹೊರಗೆ ಹೋಗಿರಿ. ಕೊನೆಯ ಮಾತೇ ಆಕೆಗೆ ಎಲ್ಲಕ್ಕಿಂತ ಕಠಿಣವಾಯಿತು. ಈಗ ಸಂಜೆಯಲ್ಲಿ ಗುಡಿಗೆ ಹೋಗಿ ಕೂಡುತ್ತಿರುವಳು. ಆ ಹೊತ್ತಿನಲ್ಲಿ ಎಮ್ಮೆಗೆ ನೀರು ಕುಡಿಸುವದು ಮಗನ ಕೆಲಸ. ಹೋದ ಸೋಮವಾರ ನಾನು ಹೋದಾಗ ಬಕೆಟ್ಟನ್ನು ಕೆಳಗಿಟ್ಟು ನನ್ನನ್ನು ನೋಡಿದನು. “ಕೂಡ್ರಿ ಸರ್” ಎಂದನು. ಆ ವರುಷದ ತರುವಾಯ ಅವನು ನನ್ನೊಡನೆ ತಾನಾಗಿ ಆಡಿದ ಮೊದಲ ಮಾತು ಅದು.