ಬೆನ್ನುನೋವು: ಕಾಯಬಹುದಾದುದು, ಕಾಯಕೂಡದುದು

ಕುಣಿಗಲ್ ತಾಲ್ಲೂಕಿನ ಕೊತ್ತಗೆರೆಯಂತಹ ಊರುಗಳಲ್ಲಿ ರಾಗಿಯ ಹೊಲದಲ್ಲಿ ಬಗ್ಗಿ ಕಳೆ ಕೀಳುವವರಿಗೂ, ತೆಂಗಿನಕಾಯಿಯ ಮೂಟೆ ಹೊರುವವರಿಗೂ, ಕೊಡವೆತ್ತುವ ಗೃಹಿಣಿಯರಿಗೂ ಬೆನ್ನುನೋವು ಹೊಸತಲ್ಲ. ಇದರ ಬಹುಭಾಗ ಸ್ನಾಯುಗಳ ಮತ್ತು ಕೀಲುಗಳ ಆಯಾಸದಿಂದ ಹುಟ್ಟುವಂತಹುದು. ಬಗ್ಗಿದರೆ ಹೆಚ್ಚುತ್ತದೆ, ವಿಶ್ರಮಿಸಿದರೆ ತಗ್ಗುತ್ತದೆ, ಕೆಲವು ವಾರಗಳಲ್ಲಿ ತಾನಾಗಿಯೇ ಶಮನವಾಗುತ್ತದೆ. ಇಂತಹ ನೋವಿಗೆ ಹಾಸಿಗೆ ಹಿಡಿಯಬೇಕಾಗಿಲ್ಲ. ಹಿತವೆನಿಸಿದರೆ ಬಿಸಿನೀರಿನ ಶಾಖ ಕೊಟ್ಟು, ಭಾರವೆತ್ತುವುದನ್ನು ಬಿಟ್ಟು, ಮೆಲ್ಲನೆ ನಡೆದಾಡುತ್ತಿರುವುದೇ ಲೇಸು.

ಆದರೆ ಒಂದೊಂದು ಸಲ ಇದೇ ನೋವಿನ ಮರೆಯಲ್ಲಿ ದೊಡ್ಡ ಕುತ್ತು ಅಡಗಿರುವುದುಂಟು. ಬೆನ್ನುಹುರಿಯ ಕೆಳತುದಿಯಿಂದ ನರಗಳು ಕುದುರೆಯ ಬಾಲದಂತೆ ಹರಡಿಕೊಂಡಿವೆ. ಕುದುರೆಗಳಿಗೆ ಹೆಸರಾದ ಕುಣಿಗಲಿನ ಸೀಮೆಯವರಿಗೆ ಈ ಹೋಲಿಕೆಯನ್ನು ವಿವರಿಸಬೇಕಾಗಿಲ್ಲ. ಬೆನ್ನೆಲುಬಿನ ನಡುವಣ ಮೆತ್ತೆ ಸರಿದು ಈ ನರಗಳನ್ನು ಅದುಮಿದರೆ ಮೂತ್ರ ಕಟ್ಟುತ್ತದೆ, ಅಥವಾ ಅರಿವಿಲ್ಲದೆ ಹೋಗುತ್ತದೆ, ಮಲದ ಹಿಡಿತ ತಪ್ಪುತ್ತದೆ, ತೊಡೆಗಳ ಸಂದು ಹಾಗೂ ಗುದದ ಸುತ್ತ ಜೋಮು ಹಿಡಿಯುತ್ತದೆ, ಕಾಲುಗಳು ಸೋಲುತ್ತವೆ. ಇವುಗಳಲ್ಲಿ ಒಂದು ಕಂಡರೂ ಬೆಳಗಾಗಲೆಂದು ಕಾಯಕೂಡದು. ಶಸ್ತ್ರಚಿಕಿತ್ಸೆ ತಡವಾದಷ್ಟೂ ಆ ಶಕ್ತಿಗಳು ಮರಳಿ ಬರುವ ಆಸೆ ಕುಗ್ಗುತ್ತದೆ. ಬೆನ್ನು ತುಳಿಸುವುದು, ಎಳೆಯಿಸುವುದು ಸರ್ವಥಾ ಸಲ್ಲದು.

ಇನ್ನು ಕೆಲವು ಲಕ್ಷಣಗಳು ಮೆಲ್ಲನೆ ಬರುವಂತಹವು. ರಾತ್ರಿ ಮಲಗಿದರೂ ಬಿಡದ ನೋವು, ಸಂಜೆಯ ಜ್ವರ, ಮೈ ಇಳಿಯುವುದು, ಬೆನ್ನು ಗೂನಾಗುವುದು—ಇವು ಬೆನ್ನೆಲುಬಿನ ಕ್ಷಯವನ್ನು ಸೂಚಿಸಬಹುದು. ಲಂಡನ್ನಿನ ಶಸ್ತ್ರವೈದ್ಯ ಪರ್ಸಿವಲ್ ಪಾಟ್ 1779ರಲ್ಲಿ ಈ ಗೂನನ್ನೂ ಕಾಲುಗಳ ಬಲಹೀನತೆಯನ್ನೂ ವರ್ಣಿಸಿದನು. ಆಗ ಇದಕ್ಕೆ ಮದ್ದಿರಲಿಲ್ಲ. ಈಗ ಸರಕಾರಿ ಆಸ್ಪತ್ರೆಗಳಲ್ಲಿ ಕ್ಷಯದ ಔಷಧ ಉಚಿತವಾಗಿ ದೊರೆಯುತ್ತದೆ. ಹಿಂದೆ ಅರ್ಬುದರೋಗವಾದವರಿಗೆ ಹೊಸದಾಗಿ ಬಂದ ನೋವನ್ನೂ, ವೃದ್ಧರು ಸ್ವಲ್ಪ ಜಾರಿಬಿದ್ದ ಮೇಲೆ ಬಂದ ನೋವನ್ನೂ ವೈದ್ಯರಿಗೆ ಬೇಗನೆ ತೋರಿಸತಕ್ಕದ್ದು.

ತೆಂಗಿನ ಮರದಿಂದ ಬಿದ್ದವರನ್ನು ಎತ್ತಿ ಕೂರಿಸಕೂಡದು. ತಲೆ, ಕತ್ತು, ಬೆನ್ನುಗಳನ್ನು ಅಲುಗಿಸದೆ ಇದ್ದಲ್ಲಿಯೇ ಮಲಗಿಸಿ, 108ಕ್ಕೆ ಕರೆಮಾಡಿ ವಾಹನವನ್ನು ತರಿಸಬೇಕು.

ಕೊನೆಯದಾಗಿ ಒಂದು ಮಾತು. ಮೂತ್ರದ ತೊಂದರೆಯನ್ನೂ ಗುಪ್ತಸ್ಥಾನದ ಜೋಮನ್ನೂ ನಮ್ಮ ಹೆಂಗಸರು ಹೇಳಿಕೊಳ್ಳಲಾರರು. ಹಿರಿಯರು ವಯಸ್ಸಿನ ದೋಷವೆಂದು ನುಂಗಿಕೊಳ್ಳುವರು. ಆದುದರಿಂದ ಮನೆಯಲ್ಲಿ ಯಾರಾದರೂ ಬೆನ್ನು ಹಿಡಿದು ಮಲಗಿದಾಗ, “ನೋವೆಷ್ಟು?” ಎಂದು ವಿಚಾರಿಸಿದರೆ ಸಾಲದು. “ಮೂತ್ರ ಸರಿಯಾಗಿ ಆಗುತ್ತಿದೆಯೆ? ಕಾಲಲ್ಲಿ ಬಲವಿದೆಯೆ? ಎಲ್ಲಿಯಾದರೂ ಜೋಮಿದೆಯೆ?” ಎಂದು ಆಪ್ತರೊಬ್ಬರು ಸಂಕೋಚವಿಲ್ಲದೆ ಕೇಳಲಿ. ನಾಚಿಕೆಗಾಗಿ ಕಾಲುಗಳನ್ನು ಕಳೆದುಕೊಳ್ಳುವುದು ಬೇಡ.